ಎಂಟು ದಿನಕ್ಕೆ ಅರ್ಧವಾಗುವ ಸಾಕ್ಷ್ಯ: ಕೈಗಾದ ಅಯೋಡಿನ್ ಮತ್ತು ದಕ್ಷಿಣದ ಮೂರು ತಾಲೂಕುಗಳು

ಕುಮಟಾ, ಹೊನ್ನಾವರ, ಭಟ್ಕಳ ತಾಲೂಕುಗಳ ಯಾವುದೇ ಹಾಲು ಸಂಘದ ಮುಂದೆ ಬೆಳಗಿನ ಹೊತ್ತು ನಿಂತರೆ ಒಂದು ಶಿಸ್ತು ಕಣ್ಣಿಗೆ ಬೀಳುತ್ತದೆ. ಮನೆಮನೆಯಿಂದ ಬಂದ ಹಾಲನ್ನು ಅಳೆಯುತ್ತಾರೆ, ಕೊಬ್ಬಿನಂಶವನ್ನು ಪರೀಕ್ಷಿಸುತ್ತಾರೆ, ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ. ನೀರು ಬೆರೆತಿದ್ದರೆ ಮಾಪಕ ಹೇಳಿಬಿಡುತ್ತದೆ. ಹಾಲಿನ ಗುಣವನ್ನು ದಿನಂಪ್ರತಿ ಹೀಗೆ ತೂಗಿ ನೋಡುವ ಜನಸಮುದಾಯಕ್ಕೆ, ಅದೇ ಹಾಲಿನಲ್ಲಿ ಕಣ್ಣಿಗೆ ಕಾಣದ, ರುಚಿಗೆ ಸಿಗದ, ಮಾಪಕಕ್ಕೂ ನಿಲುಕದ ಇನ್ನೊಂದು ವಸ್ತು ಸೇರಬಹುದಾದ ಸಾಧ್ಯತೆಯನ್ನು ಕುರಿತು ಯಾರೂ ಇದುವರೆಗೆ ಸಮಾಧಾನದಿಂದ ವಿವರಿಸಿಲ್ಲ. ಆ ವಸ್ತುವಿನ ಹೆಸರು ಅಯೋಡಿನ್-131. ಅದರ ಹುಟ್ಟು ಅಣುಸ್ಥಾವರದ ಇಂಧನದ ಒಳಗೆ. ಈ ಮೂರು ತಾಲೂಕುಗಳಿಗೆ ಅತ್ಯಂತ ಸಮೀಪದ ಅಣುಸ್ಥಾವರ ಕಾರವಾರ ತಾಲೂಕಿನ ಕೈಗಾದಲ್ಲಿದೆ.

ಕೈಗಾದಿಂದ ನೇರ ಗೆರೆ ಎಳೆದರೆ ಕುಮಟಾ ಪಟ್ಟಣ ಸುಮಾರು 50 ಕಿಲೋಮೀಟರ್, ಹೊನ್ನಾವರ ಸುಮಾರು 65, ಭಟ್ಕಳ ಸುಮಾರು 100 ಕಿಲೋಮೀಟರ್ ದೂರದಲ್ಲಿವೆ. ಮೂರೂ ಇರುವುದು ಸ್ಥಾವರದ ದಕ್ಷಿಣಕ್ಕೆ. ತುರ್ತು ಪರಿಸ್ಥಿತಿಯ ಯೋಜನೆಗೆಂದು ಸ್ಥಾವರದ ಸುತ್ತ ಎಳೆದಿರುವ ವರ್ತುಲದ ತ್ರಿಜ್ಯ 16 ಕಿಲೋಮೀಟರ್. ಪರಿಸರ ಸಮೀಕ್ಷೆಯ ಮಾದರಿಗಳನ್ನು ಸಂಗ್ರಹಿಸುವ ವರ್ತುಲ ಸುಮಾರು 30 ಕಿಲೋಮೀಟರ್. ಅಂದರೆ ಈ ಮೂರೂ ಪಟ್ಟಣಗಳು ಎರಡೂ ವರ್ತುಲಗಳ ಹೊರಗೆ ಉಳಿಯುತ್ತವೆ. ಹೊರಗಿರುವುದು ಒಂದು ಬಗೆಯ ನೆಮ್ಮದಿ ಎಂದು ಮೇಲ್ನೋಟಕ್ಕೆ ತೋರಬಹುದು. ಆದರೆ ಅಯೋಡಿನ್ನಿನ ಸ್ವಭಾವ ಬಲ್ಲವರಿಗೆ ಅದು ನೆಮ್ಮದಿಯಾಗಿ ಕಾಣುವುದಿಲ್ಲ. ಅಳತೆಯೇ ಇಲ್ಲದ ಪ್ರದೇಶವಾಗಿ ಕಾಣುತ್ತದೆ.

ಅಯೋಡಿನ್ನಿನ ದಾರಿ

ಯುರೇನಿಯಂ ಪರಮಾಣು ಒಡೆದಾಗ ಹುಟ್ಟುವ ನೂರಾರು ಚೂರುಗಳಲ್ಲಿ ಅಯೋಡಿನ್-131 ಒಂದು. ಅದರ ಅರ್ಧಾಯುಷ್ಯ ಸುಮಾರು 8 ದಿನ. ಇಂದು ನೂರು ಪಾಲು ಇದ್ದದ್ದು ಎಂಟು ದಿನಕ್ಕೆ ಐವತ್ತಾಗುತ್ತದೆ, ಹದಿನಾರು ದಿನಕ್ಕೆ ಇಪ್ಪತ್ತೈದಾಗುತ್ತದೆ, ಎಂಬತ್ತು ದಿನಗಳಲ್ಲಿ ಸಾವಿರದಲ್ಲೊಂದು ಭಾಗಕ್ಕೆ ಇಳಿಯುತ್ತದೆ. ಇಂಧನದ ಕವಚ ಗಟ್ಟಿಯಾಗಿರುವವರೆಗೆ ಅದು ಒಳಗೇ ಹುಟ್ಟಿ ಒಳಗೇ ಸಾಯುತ್ತದೆ. ಕವಚದಲ್ಲಿ ಸೂಕ್ಷ್ಮ ಬಿರುಕು ಬಿದ್ದಾಗ ಶಾಖವನ್ನು ಹೊತ್ತೊಯ್ಯುವ ನೀರಿಗೆ ಇಳಿಯುತ್ತದೆ. ಕೈಗಾದಲ್ಲಿರುವಂಥ ಭಾರಜಲ ರಿಯಾಕ್ಟರುಗಳಲ್ಲಿ ಈ ನೀರಿನ ಅಯೋಡಿನ್ ಮಟ್ಟವನ್ನು ನೋಡಿಯೇ ಇಂಧನಕ್ಕೆ ಧಕ್ಕೆಯಾಗಿದೆಯೇ ಎಂದು ತಿಳಿಯುತ್ತಾರೆ. ಸ್ಥಾವರ ನಡೆಯುತ್ತಿರುವಾಗಲೇ ಕೆಟ್ಟ ಇಂಧನಕಟ್ಟನ್ನು ಹೊರತೆಗೆಯುವ ಅನುಕೂಲ ಈ ಬಗೆಯ ರಿಯಾಕ್ಟರಿಗೆ ಇದೆ ಎಂಬುದನ್ನೂ ಒಪ್ಪಿಕೊಳ್ಳಬೇಕು. ಹೊರಹೋಗುವ ಗಾಳಿ ಶೋಧಕಗಳನ್ನು, ಅದರಲ್ಲೂ ಅಯೋಡಿನ್ನನ್ನು ಹಿಡಿದಿಡುವ ಸಂಸ್ಕರಿತ ಇದ್ದಿಲಿನ ಪದರವನ್ನು ದಾಟಿ ಚಿಮಣಿಯನ್ನು ಸೇರುತ್ತದೆ. ಚಿಮಣಿಯ ಗಾಳಿಯ ಒಂದಂಶವನ್ನು ಸದಾ ಸೆಳೆದು ಪರೀಕ್ಷಿಸಲಾಗುತ್ತದೆ.

ಇಷ್ಟೆಲ್ಲವನ್ನೂ ದಾಟಿ ಹೊರಬಂದ ಅಯೋಡಿನ್ ಹುಲ್ಲಿನ ಮೇಲೆ ಕೂರುತ್ತದೆ. ಹಸು ದಿನವಿಡೀ ಬೆಟ್ಟ, ಬ್ಯಾಣಗಳಲ್ಲಿ ಮೇಯುತ್ತ ವಿಸ್ತಾರವಾದ ನೆಲದ ಮೇಲೆ ಕುಳಿತದ್ದನ್ನು ಒಂದು ಕೆಚ್ಚಲಿಗೆ ಒಟ್ಟುಗೂಡಿಸುತ್ತದೆ. ಹುಲ್ಲಿಗೆ ಇಳಿದ ಎರಡು ಮೂರು ದಿನಗಳಲ್ಲಿ ಹಾಲಿನ ಮಟ್ಟ ಅತ್ಯಧಿಕವಾಗುತ್ತದೆ. ಹಾಲು ಕುಡಿದ ಮನುಷ್ಯನ ದೇಹ ಸಹಜ ಅಯೋಡಿನ್ ಯಾವುದು, ವಿಕಿರಣಶೀಲ ಅಯೋಡಿನ್ ಯಾವುದು ಎಂದು ಗುರುತಿಸಲಾರದೆ ಎರಡನ್ನೂ ಥೈರಾಯ್ಡ್ ಗ್ರಂಥಿಗೆ ಕಳಿಸುತ್ತದೆ. ದೊಡ್ಡವರಲ್ಲಿ ಈ ಗ್ರಂಥಿಯ ತೂಕ ಸುಮಾರು 20 ಗ್ರಾಂ. ಹಸುಗೂಸಿನಲ್ಲಿ ಎರಡು ಗ್ರಾಂ ಕೂಡ ಇರುವುದಿಲ್ಲ. ಒಂದೇ ಲೋಟ ಹಾಲಿನ ಅಯೋಡಿನ್ ಇಷ್ಟು ಚಿಕ್ಕ ಗ್ರಂಥಿಯಲ್ಲಿ ತುಂಬಿಕೊಂಡಾಗ ಮಗುವಿಗೆ ತಗಲುವ ವಿಕಿರಣ ದೊಡ್ಡವರಿಗೆ ತಗಲುವುದಕ್ಕಿಂತ ಅನೇಕ ಪಟ್ಟು ಹೆಚ್ಚು. ಸಹಜ ಅಯೋಡಿನ್ ಸಾಲದ ದೇಹ ವಿಕಿರಣಶೀಲ ಅಯೋಡಿನ್ನನ್ನು ಇನ್ನಷ್ಟು ಆತುರದಿಂದ ಹೀರಿಕೊಳ್ಳುತ್ತದೆ. ಮೀನು ಉಣ್ಣುವ ಕಡಲಂಚಿನ ಮನೆಗೂ, ಉಪ್ಪಿನ ಪೊಟ್ಟಣವನ್ನೇ ನೆಚ್ಚಿಕೊಂಡ ಘಟ್ಟದಡಿಯ ಮನೆಗೂ ಈ ವಿಷಯದಲ್ಲಿ ವ್ಯತ್ಯಾಸವಿದ್ದೀತು.

ಇದು ಪುಸ್ತಕದ ಭಯವಲ್ಲ. 1957ರ ಅಕ್ಟೋಬರಿನಲ್ಲಿ ಇಂಗ್ಲೆಂಡಿನ ವಿಂಡ್‌ಸ್ಕೇಲ್ ರಿಯಾಕ್ಟರಿಗೆ ಬೆಂಕಿ ಹತ್ತಿದಾಗ ಸುಮಾರು 500 ಚದರ ಕಿಲೋಮೀಟರ್ ಪ್ರದೇಶದ ಹಾಲನ್ನು ಚೆಲ್ಲಬೇಕಾಯಿತು. 1986ರ ಚೆರ್ನೋಬಿಲ್ ದುರಂತದ ನಂತರ ಬೆಲಾರೂಸ್, ಉಕ್ರೇನ್ ಮತ್ತು ರಷ್ಯಾದ ಪೀಡಿತ ಭಾಗಗಳಲ್ಲಿ, ಆಗ ಹದಿನೆಂಟಕ್ಕಿಂತ ಕಡಿಮೆ ವಯಸ್ಸಿನವರಾಗಿದ್ದವರ ಪೈಕಿ 2005ರ ಹೊತ್ತಿಗೆ ಆರು ಸಾವಿರಕ್ಕೂ ಹೆಚ್ಚು ಥೈರಾಯ್ಡ್ ಕ್ಯಾನ್ಸರ್ ಪ್ರಕರಣಗಳು ದಾಖಲಾದವು. ಅವುಗಳಲ್ಲಿ ದೊಡ್ಡ ಪಾಲಿಗೆ ಮೊದಲ ವಾರಗಳಲ್ಲಿ ಮಕ್ಕಳು ಕುಡಿದ ಹಾಲೇ ಕಾರಣವೆಂದು ವಿಶ್ವಸಂಸ್ಥೆಯ ವಿಕಿರಣ ಸಮಿತಿ ಗುರುತಿಸಿದೆ.

ವರ್ತುಲವನ್ನು ಮಳೆ ಓದುವುದಿಲ್ಲ

ಚೆರ್ನೋಬಿಲ್ ಕಲಿಸಿದ ಇನ್ನೊಂದು ಪಾಠ ದೂರದ ಲೆಕ್ಕಾಚಾರಕ್ಕೆ ಸಂಬಂಧಿಸಿದ್ದು. ಸ್ಥಾವರದಿಂದ ಸುಮಾರು 200 ಕಿಲೋಮೀಟರ್ ಈಶಾನ್ಯದ ಕೆಲವು ಗ್ರಾಮಗಳು ಅದಕ್ಕಿಂತ ಹತ್ತಿರದ ಎಷ್ಟೋ ಊರುಗಳಿಗಿಂತ ಹೆಚ್ಚು ಮಲಿನಗೊಂಡವು. ಕಾರಣ ಸರಳವಾದದ್ದು. ಮೋಡ ಅವುಗಳ ಮೇಲೆ ಹಾಯುವಾಗ ಮಳೆ ಬಂತು. ಗಾಳಿಯಲ್ಲಿ ತೇಲುತ್ತಿದ್ದುದನ್ನು ಮಳೆ ನೆಲಕ್ಕೆ ತೊಳೆದು ತಂದಿತು.

ಉತ್ತರ ಕನ್ನಡದ ಕರಾವಳಿ ದೇಶದ ಅತ್ಯಧಿಕ ಮಳೆಯ ಪ್ರದೇಶಗಳಲ್ಲೊಂದು. ಮುಂಗಾರಿನ ನಾಲ್ಕು ತಿಂಗಳು ಗಾಳಿ ಕಡಲಿನಿಂದ ಘಟ್ಟದತ್ತ ಬೀಸುವುದರಿಂದ ಕೈಗಾದ ಹೊರಸೂಸುವಿಕೆ ಒಳನಾಡಿನ ಕಡೆಗೆ ಸಾಗುವುದೇ ಹೆಚ್ಚು. ಚಳಿಗಾಲದಲ್ಲಿ ಚಿತ್ರ ಬದಲಾಗುತ್ತದೆ. ರಾತ್ರಿಯ ನೆಲಗಾಳಿ ಕಾಳಿ ಕಣಿವೆಯ ಗುಂಟ ಕಡಲಿಗೆ ಇಳಿಯುತ್ತದೆ. ಹಗಲಿನ ಕಡಲಗಾಳಿ ವಾಯವ್ಯದಿಂದ ದಡಕ್ಕೆ ಮರಳುತ್ತದೆ. ಉತ್ತರದಲ್ಲಿ ಕಡಲಿಗೆ ಇಳಿದದ್ದು ದಕ್ಷಿಣದಲ್ಲಿ ದಡ ಹತ್ತುವ ಸಾಧ್ಯತೆಯನ್ನು ಈ ಸುತ್ತಾಟ ತೆರೆದಿಡುತ್ತದೆ. ಮಳೆ ನಿಂತ ಮೇಲಿನ ಕಾರ್ತಿಕ, ಮಾರ್ಗಶಿರಗಳಲ್ಲಿ ಬ್ಯಾಣದ ಹುಲ್ಲು ಇನ್ನೂ ಹಸಿರಾಗಿರುತ್ತದೆ, ದನಗಳು ಹೊರಗೆ ಮೇಯುತ್ತವೆ. ಕಾಗದದ ಮೇಲಿನ ವರ್ತುಲಕ್ಕೆ ಈ ಋತುಜ್ಞಾನ ಇರಲಾರದು. ಸಾಧ್ಯತೆಯೆಂದರೆ ನಡೆದುಹೋದದ್ದು ಎಂದು ಅರ್ಥವಲ್ಲ. ಆದರೆ ನಡೆದಿಲ್ಲವೆಂದು ಹೇಳಬೇಕಾದರೂ ಅಳತೆಯೇ ಬೇಕು.

ಕೈಗಾದ ಅಂಕಿಗಳು ಹೇಳುವುದೇನು

ನ್ಯಾಯವಾಗಿ ಮಾತನಾಡಬೇಕಾದರೆ ಮೊದಲು ಒಂದು ಮಾತನ್ನು ಒಪ್ಪಬೇಕು. ಕೈಗಾದ ಮೊದಲ ಎರಡು ಘಟಕಗಳು 2000ದಲ್ಲಿ, ಮೂರನೆಯದು 2007ರಲ್ಲಿ, ನಾಲ್ಕನೆಯದು 2011ರಲ್ಲಿ ವಾಣಿಜ್ಯ ಉತ್ಪಾದನೆ ಆರಂಭಿಸಿದವು. ಭಾಭಾ ಅಣುಸಂಶೋಧನಾ ಕೇಂದ್ರ ನಡೆಸುವ ಪರಿಸರ ಸಮೀಕ್ಷಾ ಪ್ರಯೋಗಾಲಯ ಸ್ಥಾವರ ಚಾಲನೆಗೆ ಬರುವುದಕ್ಕೂ ಮೊದಲಿನಿಂದ ಅಲ್ಲಿದೆ. ಗಾಳಿ, ನೀರು, ಹಾಲು, ಅಕ್ಕಿ, ಮೀನು, ಮಣ್ಣಿನ ಮಾದರಿಗಳನ್ನು ಪರೀಕ್ಷಿಸುತ್ತ ಬಂದಿದೆ. ಸಾರ್ವಜನಿಕರಿಗೆ ವರ್ಷಕ್ಕೆ ನಿಗದಿಯಾದ ವಿಕಿರಣ ಮಿತಿ 1 ಮಿಲಿಸಿವರ್ಟ್. ಸ್ಥಾವರದಿಂದ ಜನರಿಗೆ ತಲುಪುವುದು ಅದರ ತೀರ ಅಲ್ಪ ಅಂಶವೆಂದು ಅಧಿಕೃತ ವರದಿಗಳು ಹೇಳುತ್ತ ಬಂದಿವೆ. ಈ ಅಂಕಿಗಳನ್ನು ಸುಳ್ಳೆಂದು ಹೇಳಲು ಯಾರ ಬಳಿಯೂ ಆಧಾರವಿಲ್ಲ. ಊರಿನಲ್ಲಿ ಯಾರಿಗೆ ಕ್ಯಾನ್ಸರ್ ಬಂದರೂ ಕೈಗಾದತ್ತ ಬೆರಳು ತೋರುವುದು ಸುಲಭ. ಅಳತೆಯಿಲ್ಲದೆ ಹಾಗೆ ತೋರಿದ ಬೆರಳು ಚಳವಳಿಯ ಮಾತಿನ ತೂಕವನ್ನೇ ಇಳಿಸುತ್ತದೆ.

ಆದರೆ ಇದೇ ನ್ಯಾಯ ಇನ್ನೊಂದು ಕಡೆಗೂ ಅನ್ವಯಿಸಬೇಕು. ಸ್ಥಾವರವನ್ನು ನಡೆಸುವ ಅಣುವಿದ್ಯುತ್ ನಿಗಮವೂ, ಪರಿಸರವನ್ನು ಅಳೆಯುವ ಪ್ರಯೋಗಾಲಯವೂ ಒಂದೇ ಇಲಾಖೆಯ ಮಕ್ಕಳು. ಇವೆರಡರ ಮೇಲೂ ಕಣ್ಣಿಡಬೇಕಾದ ಅಣುಶಕ್ತಿ ನಿಯಂತ್ರಣ ಮಂಡಳಿ 1983ರಲ್ಲಿ ರಚನೆಯಾಯಿತು. ಅದರ ಕಾನೂನಾತ್ಮಕ ಸ್ಥಾನಮಾನ ಮತ್ತು ಸ್ವಾಯತ್ತತೆಯ ಕೊರತೆಯನ್ನು 2012ರಲ್ಲಿ ಭಾರತದ ಮಹಾಲೇಖಪಾಲರ ವರದಿಯೇ ಎತ್ತಿ ಹೇಳಿತು. ಹಾಲು ಮಾರುವವನೇ ಮಾಪಕವನ್ನೂ ಹಿಡಿದರೆ ಅವನು ಎಷ್ಟೇ ಪ್ರಾಮಾಣಿಕನಾಗಿದ್ದರೂ ಕೊಳ್ಳುವವನ ಮನಸ್ಸು ತಿಳಿಯಾಗುವುದಿಲ್ಲ. ವರ್ಷಕ್ಕೊಮ್ಮೆ ಬರುವ ಶೇಕಡಾವಾರು ಲೆಕ್ಕ ತಜ್ಞರಿಗೆ ಸಾಕಾದೀತು. ಆ ವಾರದ ಹಾಲನ್ನು ಮಗುವಿಗೆ ಕುಡಿಸಬಹುದೇ ಎಂದು ಕೇಳುವ ತಾಯಿಗೆ ಅದು ಉತ್ತರವಾಗುವುದಿಲ್ಲ.

ನಿಗಾ ಇದ್ದುದರಿಂದಲೇ ಅವಘಡ ಬೆಳಕಿಗೆ ಬರುತ್ತದೆ ಎಂಬುದಕ್ಕೆ ಕೈಗಾದಲ್ಲಿಯೇ ನಿದರ್ಶನವಿದೆ. 2009ರ ನವೆಂಬರಿನಲ್ಲಿ ಸ್ಥಾವರದೊಳಗಿನ ಕುಡಿಯುವ ನೀರಿನ ಶೀತಕವೊಂದಕ್ಕೆ ಟ್ರಿಟಿಯಂ ಬೆರೆತು ಐವತ್ತಕ್ಕೂ ಹೆಚ್ಚು ಕೆಲಸಗಾರರ ದೇಹ ಸೇರಿತ್ತು. ಅದು ಗೊತ್ತಾದದ್ದು ಕೆಲಸಗಾರರ ಮೂತ್ರವನ್ನು ನಿಯಮಿತವಾಗಿ ಪರೀಕ್ಷಿಸುವ ಪದ್ಧತಿ ಇದ್ದುದರಿಂದ. ಆ ಪದ್ಧತಿ ಇಲ್ಲದಿದ್ದರೆ ಯಾರಿಗೂ ತಿಳಿಯದೆ ದಿನಗಳು ಕಳೆಯುತ್ತಿದ್ದವು. ಬೇಲಿಯ ಒಳಗಿನ ಕೆಲಸಗಾರನಿಗೆ ದೊರೆತ ಈ ರಕ್ಷಣೆಗೆ ಸಮನಾದದ್ದು ಬೇಲಿಯ ಹೊರಗೆ, ಐವತ್ತು ಅಥವಾ ನೂರು ಕಿಲೋಮೀಟರ್ ಆಚೆ, ಏನಿದೆ ಎಂಬುದೇ ಪ್ರಶ್ನೆ.

ಅಳೆಯದೆ ಉಳಿದ ವಾರಗಳ ಬೆಲೆ

ಅಯೋಡಿನ್-131ರ ವಿಷಯದಲ್ಲಿ ತಡವಾದ ಅಳತೆಯೆಂದರೆ ಅಳತೆ ಇಲ್ಲದಿರುವುದಕ್ಕೆ ಸಮ. ಮೂರು ತಿಂಗಳಿಗೊಮ್ಮೆ ಹಾಲಿನ ಮಾದರಿ ತೆಗೆಯುವ ಒಂದು ಯೋಜನೆಯನ್ನು ಕಲ್ಪಿಸಿಕೊಳ್ಳಬಹುದು. ಮಾದರಿ ತೆಗೆದ ಮರುದಿನವೇ ಒಂದಿಷ್ಟು ಅಯೋಡಿನ್ ಹೊರಬಿದ್ದಿತೆಂದು ಭಾವಿಸಿದರೆ, ಮುಂದಿನ ಮಾದರಿಯ ಹೊತ್ತಿಗೆ ಅದರ ಎರಡು ಸಾವಿರದಲ್ಲೊಂದು ಭಾಗವೂ ಉಳಿದಿರುವುದಿಲ್ಲ. ಹುಲ್ಲಿನ ಮೇಲಂತೂ ಗಾಳಿ, ಇಬ್ಬನಿ ಮತ್ತು ಹೊಸ ಚಿಗುರಿನಿಂದಾಗಿ ಸುಮಾರು ಐದು ದಿನಕ್ಕೇ ಅರ್ಧವಾಗುತ್ತದೆ. ವರದಿಯಲ್ಲಿ ಮಾತ್ರ ‘ಪತ್ತೆಮಿತಿಗಿಂತ ಕಡಿಮೆ’ ಎಂದು ದಾಖಲಾಗುತ್ತದೆ. ಆ ಮಾತು ಸುಳ್ಳೂ ಅಲ್ಲ, ಉಪಯುಕ್ತವೂ ಅಲ್ಲ.

ಜಪಾನಿನ ಅನುಭವ ಇಲ್ಲಿ ನೆನಪಿಡಬೇಕಾದದ್ದು. 2011ರ ಮಾರ್ಚಿನಲ್ಲಿ ಫುಕುಶಿಮಾ ಸ್ಥಾವರಗಳು ಕರಗಿದಾಗ, ಮುಂದುವರಿದ ಆ ದೇಶದಲ್ಲಿಯೂ ಮೊದಲ ವಾರಗಳಲ್ಲಿ ಸರಕಾರ ಮಕ್ಕಳ ಥೈರಾಯ್ಡ್‌ನಲ್ಲಿದ್ದ ಅಯೋಡಿನ್ನನ್ನು ಅಳೆದದ್ದು 1,080 ಮಕ್ಕಳಲ್ಲಿ ಮಾತ್ರ. ಆನಂತರ ಮೂರು ಲಕ್ಷಕ್ಕೂ ಹೆಚ್ಚು ಮಕ್ಕಳ ಥೈರಾಯ್ಡನ್ನು ಸೂಕ್ಷ್ಮ ಉಪಕರಣಗಳಿಂದ ಪರೀಕ್ಷಿಸಿದರು. ಕ್ಯಾನ್ಸರ್ ಪ್ರಕರಣಗಳು ಕಂಡುಬಂದವು. ಅವು ವಿಕಿರಣದಿಂದ ಆದವೇ, ಅಥವಾ ಎಲ್ಲರನ್ನೂ ಪರೀಕ್ಷಿಸಿದ್ದರಿಂದ ಕಣ್ಣಿಗೆ ಬಿದ್ದವೇ ಎಂಬ ವಾದ ವರ್ಷಗಟ್ಟಲೆ ನಡೆಯಿತು. ವಿಶ್ವಸಂಸ್ಥೆಯ ವಿಕಿರಣ ಸಮಿತಿ ಎರಡನೆಯ ವಿವರಣೆಯ ಕಡೆಗೆ ವಾಲಿತು. ಅನೇಕ ಪೋಷಕರಿಗೆ ಅದು ಸಮಾಧಾನ ತರಲಿಲ್ಲ. ಮೊದಲ ವಾರಗಳಲ್ಲಿ ಇನ್ನಷ್ಟು ಮಕ್ಕಳನ್ನು ಅಳೆದಿದ್ದರೆ ಈ ತಕರಾರಿನ ಬಹುಭಾಗ ಹುಟ್ಟುತ್ತಲೇ ಇರಲಿಲ್ಲ. ಸಾಕ್ಷ್ಯ ತಾನಾಗಿ ಕರಗಿಹೋದ ಮೇಲೆ ಸ್ಥಾವರದವರು ತಮ್ಮ ನಿರಪರಾಧವನ್ನೂ, ಜನ ತಮ್ಮ ಹಾನಿಯನ್ನೂ ಸಾಬೀತುಪಡಿಸಲಾರರು.

ಇದಕ್ಕೆ ಪ್ರತಿಯಾಗಿ ಪೋಲೆಂಡಿನ ಕಥೆಯಿದೆ. ಚೆರ್ನೋಬಿಲ್ ಸ್ಫೋಟ ಸಂಭವಿಸಿದ್ದು 1986ರ ಏಪ್ರಿಲ್ 26ರಂದು. ಸೋವಿಯತ್ ಸರಕಾರ ಬಾಯಿಬಿಟ್ಟದ್ದು 28ರ ರಾತ್ರಿ. ಆದರೆ ಅದೇ ದಿನ ಬೆಳಗಿನ ಜಾವವೇ ಪೋಲೆಂಡಿನ ಈಶಾನ್ಯ ಮೂಲೆಯ ಮಿಕೊವಾಯ್ಕಿ ಎಂಬ ಊರಿನ ನಿಗಾ ಕೇಂದ್ರದಲ್ಲಿ ಗಾಳಿಯ ವಿಕಿರಣ ಏರಿದ್ದು ದಾಖಲಾಗಿತ್ತು. ಮರುದಿನವೇ ಅಲ್ಲಿನ ಸರಕಾರ ಮಕ್ಕಳಿಗೆ ಸಹಜ ಅಯೋಡಿನ್ನಿನ ಔಷಧ ಕೊಡಲಾರಂಭಿಸಿತು. ಕೆಲವೇ ದಿನಗಳಲ್ಲಿ ಒಂದು ಕೋಟಿಗೂ ಹೆಚ್ಚು ಮಕ್ಕಳಿಗೆ ಅದು ತಲುಪಿತು. ಹಸುಗಳಿಗೆ ಹೊಸ ಹುಲ್ಲು ಮೇಯಿಸದಂತೆ, ಮಕ್ಕಳಿಗೆ ತಾಜಾ ಹಾಲು ಕೊಡದಂತೆ ನಿರ್ಬಂಧ ಬಂತು. ಸ್ಥಾವರ ನೆರೆಯ ದೇಶದ್ದು, ಮಾಹಿತಿ ಮುಚ್ಚಿಟ್ಟದ್ದೂ ನೆರೆಯ ದೇಶವೇ. ಆದರೂ ಸ್ವಂತದ ಒಂದು ಮಾಪಕವಿದ್ದುದರಿಂದ ಅವರಿಗೆ ಸಮಯ ದೊರೆಯಿತು. ವರ್ತುಲದ ಹೊರಗಿರುವವರಿಗೆ ಇದಕ್ಕಿಂತ ಸ್ಪಷ್ಟವಾದ ಪಾಠ ಬೇರಿಲ್ಲ.

ಮೂರು ತಾಲೂಕುಗಳಲ್ಲಿ ಆಗಬಹುದಾದದ್ದು

ಬೇಕಾಗಿರುವುದು ದೊಡ್ಡ ಯಂತ್ರಾಗಾರವಲ್ಲ. ಸರಿಯಾದ ವಸ್ತು, ಸರಿಯಾದ ಸ್ಥಳ, ಸರಿಯಾದ ಅಂತರ, ಈ ಮೂರನ್ನೂ ನಿಶ್ಚಯಿಸಿದ ಒಂದು ಸಣ್ಣ ವ್ಯವಸ್ಥೆ ಸಾಕು.

ಮೊದಲನೆಯದು ಹಾಲು. ಪ್ರತಿ ತಾಲೂಕಿನಲ್ಲಿ ಕಡಲಂಚಿನದೊಂದು, ಘಟ್ಟದಡಿಯದೊಂದು ಹೀಗೆ ಎರಡು ಹಾಲು ಸಂಘಗಳನ್ನು ಖಾಯಂ ಆಗಿ ಗೊತ್ತುಪಡಿಸಿ, ವಾರಕ್ಕೊಮ್ಮೆ ಅಥವಾ ಕಡೇಪಕ್ಷ ಹದಿನೈದು ದಿನಕ್ಕೊಮ್ಮೆ ಕೆಲವು ಲೀಟರ್ ಹಾಲನ್ನು ಪರೀಕ್ಷೆಗೆ ಕಳಿಸಬೇಕು. ಹೊರಗೆ ಮೇಯುವ ಮಲೆನಾಡು ಗಿಡ್ಡ ಹಸುಗಳ ಹಾಲೇ ಇದಕ್ಕೆ ತಕ್ಕದ್ದು. ಕೊಟ್ಟಿಗೆಯಲ್ಲಿ ಹಿಂಡಿ, ಒಣಹುಲ್ಲು ತಿಂದು ಹಾಲು ಕೊಡುವ ಮಿಶ್ರತಳಿಯ ಹಸು ಪರಿಸರದ ಸುದ್ದಿಯನ್ನು ಅಷ್ಟಾಗಿ ಹೇಳಲಾರದು. ಅಯೋಡಿನ್-131 ಹೊರಸೂಸುವ 364 ಕಿಲೋ ಎಲೆಕ್ಟ್ರಾನ್ ವೋಲ್ಟ್‌ನ ಗಾಮಾ ಕಿರಣವನ್ನು ಗುರುತಿಸುವ ಉಪಕರಣಗಳು ಲೀಟರಿಗೆ ಒಂದು ಬೆಕೆರೆಲ್‌ಗಿಂತ ಕಡಿಮೆ ಪ್ರಮಾಣವನ್ನೂ ಹಿಡಿಯಬಲ್ಲವು. ಅಂತಾರಾಷ್ಟ್ರೀಯ ಆಹಾರ ಸಂಹಿತೆ ಅವಘಡದ ನಂತರದ ಆಹಾರಕ್ಕೆ ಇಟ್ಟಿರುವ ಮಾರ್ಗದರ್ಶಿ ಮಟ್ಟ ಕಿಲೋಗ್ರಾಮಿಗೆ 100 ಬೆಕೆರೆಲ್. ಆ ಮಟ್ಟ ಮುಟ್ಟುವುದಕ್ಕೆ ಬಹಳ ಮೊದಲೇ ಎಚ್ಚರಿಕೆ ದೊರೆಯಲು ಸಾಧ್ಯವಿದೆ ಎಂದು ಇದರರ್ಥ.

ಎರಡನೆಯದು ಆಡು ಕುರಿಗಳ ಥೈರಾಯ್ಡ್ ಗ್ರಂಥಿ. ಭಟ್ಕಳದಂಥ ಊರಿನ ಮಾಂಸದಂಗಡಿಗಳಲ್ಲಿ ಎಸೆದುಬಿಡುವ ಈ ಚಿಕ್ಕ ಗ್ರಂಥಿ ಪ್ರಕೃತಿಯೇ ಮಾಡಿಟ್ಟ ಅಯೋಡಿನ್ ಸಂಗ್ರಾಹಕ. ಅಮೆರಿಕದ ಮೆಂಫಿಸ್ ನಗರದ ವಿಜ್ಞಾನಿ ಲೆಸ್ಟರ್ ವ್ಯಾನ್ ಮಿಡ್ಲ್‌ಸ್‌ವರ್ತ್ 1954ರಲ್ಲಿ ಕಸಾಯಿಖಾನೆಯ ದನಗಳ ಥೈರಾಯ್ಡ್‌ಗಳಲ್ಲಿ ವಿಕಿರಣಶೀಲ ಅಯೋಡಿನ್ನನ್ನು ಕಂಡರು. ಅದು ಸಾವಿರಾರು ಮೈಲಿ ದೂರದ ಬಾಂಬ್ ಪರೀಕ್ಷೆಗಳಿಂದ ಬಂದದ್ದಾಗಿತ್ತು. ಆ ಕೆಲಸವನ್ನು ಅವರು ದಶಕಗಳ ಕಾಲ ಮುಂದುವರಿಸಿದರು. ಊರ ಸುತ್ತ ಮೇದ ಆಡಿನ ಗ್ರಂಥಿಯನ್ನು ಪರೀಕ್ಷಿಸಿದರೆ ಹಾಲಿನಲ್ಲಿ ಕಾಣದ ಸೂಕ್ಷ್ಮವೂ ಕಾಣಬಹುದು. ಆಡು ಎಲ್ಲಿ ಮೇದದ್ದೆಂಬ ಟಿಪ್ಪಣಿ ಮಾತ್ರ ಜೊತೆಗಿರಬೇಕು. ಬಯಲುಸೀಮೆಯ ಸಂತೆಯಿಂದ ಬಂದ ಕುರಿ ಬಯಲುಸೀಮೆಯ ಕಥೆಯನ್ನೇ ಹೇಳುತ್ತದೆ.

ಮೂರನೆಯದು ಗಾಳಿ ಮತ್ತು ಮಳೆ. ಇದ್ದಿಲಿನ ಕೊಳವೆಯ ಮೂಲಕ ಗಾಳಿಯನ್ನು ಎಳೆಯುವ ಯಂತ್ರ ಮತ್ತು ಮಳೆನೀರಿನ ಸಂಗ್ರಾಹಕವನ್ನು ಕುಮಟಾ ಅಥವಾ ಹೊನ್ನಾವರದ ಒಂದು ಕಾಲೇಜಿನ ಮಾಳಿಗೆಯ ಮೇಲೆ ಇಡುವುದು ಅಸಾಧ್ಯವಲ್ಲ. ದೇಶದ ನಾನಾ ಕಡೆ ಇರುವ ವಿಕಿರಣ ನಿಗಾ ಜಾಲದ ಕೇಂದ್ರಗಳು ಮುಖ್ಯವಾಗಿ ಒಟ್ಟು ಗಾಮಾ ವಿಕಿರಣದ ಮಟ್ಟವನ್ನು ಅಳೆಯುತ್ತವೆ. ದೊಡ್ಡ ಅವಘಡವನ್ನು ಅವು ಹಿಡಿಯುತ್ತವೆ, ಹಾಲಿಗೆ ಇಳಿಯಬಲ್ಲ ಸಣ್ಣ ಪ್ರಮಾಣದ ಅಯೋಡಿನ್ ಅವುಗಳ ಕಣ್ಣಿಗೆ ಬೀಳುವುದು ಕಷ್ಟ.

ಒಂದು ಎಚ್ಚರಿಕೆಯೂ ಅವಶ್ಯ. ಅಯೋಡಿನ್-131 ಕಂಡ ಮಾತ್ರಕ್ಕೆ ಅದು ಸ್ಥಾವರದ್ದೇ ಆಗಬೇಕಿಲ್ಲ. ಥೈರಾಯ್ಡ್ ಚಿಕಿತ್ಸೆಗೆ ಆಸ್ಪತ್ರೆಗಳು ಇದನ್ನೇ ಔಷಧವಾಗಿ ಬಳಸುತ್ತವೆ. ಚಿಕಿತ್ಸೆ ಪಡೆದು ಮರಳಿದವರ ಶೌಚದ ನೀರಿನ ಮೂಲಕ ಅದು ಹೊಳೆ, ಅಳಿವೆಗಳನ್ನು ಸೇರಬಹುದು. ಆದ್ದರಿಂದ ಅಘನಾಶಿನಿಯ ಅಥವಾ ಶರಾವತಿಯ ಅಳಿವೆಯ ನೀರಿನಲ್ಲಿ ಕಂಡದ್ದಕ್ಕೂ ಬ್ಯಾಣದ ಹುಲ್ಲಿನಲ್ಲಿ ಕಂಡದ್ದಕ್ಕೂ ಅರ್ಥ ಬೇರೆ. ರಿಯಾಕ್ಟರಿನಿಂದ ಆಗಷ್ಟೇ ಬಂದದ್ದಾದರೆ ಅದರ ಜೊತೆಗೆ ಸುಮಾರು 21 ಗಂಟೆಯ ಅರ್ಧಾಯುಷ್ಯದ ಅಯೋಡಿನ್-133 ಇರುತ್ತದೆ, ಆಸ್ಪತ್ರೆಯ ಅಯೋಡಿನ್ನಿನಲ್ಲಿ ಇರುವುದಿಲ್ಲ. ಈ ವಿವೇಚನೆ ಮಾಡಬಲ್ಲ ಪರಿಣತರು ಸಮೀಪದಲ್ಲೇ ಇದ್ದಾರೆ. ಮಂಗಳೂರು ವಿಶ್ವವಿದ್ಯಾಲಯದ ಪರಿಸರ ವಿಕಿರಣ ಸಂಶೋಧಕರು ಕೈಗಾ ಪ್ರದೇಶದಲ್ಲಿ ಹುಲ್ಲಿನಿಂದ ಹಾಲಿಗೆ ಅಯೋಡಿನ್ ಸಾಗುವ ಬಗೆಯನ್ನೇ ಅಧ್ಯಯನ ಮಾಡಿದವರು. ವಿಶ್ವವಿದ್ಯಾಲಯ, ಹಾಲು ಸಂಘ ಮತ್ತು ಪಂಚಾಯತಿ ಕೈಜೋಡಿಸಿದರೆ ಸ್ಥಾವರದ ಇಲಾಖೆಯ ಹೊರಗಿನ ಒಂದು ಅಳತೆ ಸಾಧ್ಯವಾಗುತ್ತದೆ. ಫಲಿತಾಂಶ ಪಂಚಾಯತಿಯ ಹಲಗೆಯ ಮೇಲೆ, ಕನ್ನಡದಲ್ಲಿ, ಪತ್ತೆಮಿತಿ ಎಷ್ಟೆಂಬ ವಿವರದೊಂದಿಗೆ ಪ್ರಕಟವಾಗಬೇಕು.

ಕೊನೆಯದಾಗಿ ಮಣ್ಣು. ಅಯೋಡಿನ್-131ರ ಜೊತೆಗೇ ಹುಟ್ಟುವ ಅಯೋಡಿನ್-129ರ ಅರ್ಧಾಯುಷ್ಯ ಒಂದೂವರೆ ಕೋಟಿ ವರ್ಷಕ್ಕೂ ಹೆಚ್ಚು. ಕರಗಿಹೋದ ಸೋದರನ ಹೆಜ್ಜೆಗುರುತನ್ನು ಅದು ಮಣ್ಣಿನಲ್ಲಿ ಉಳಿಸುತ್ತದೆ. ಇಂದು ಮೂರು ತಾಲೂಕುಗಳ ಗೊತ್ತಾದ ಜಾಗಗಳಿಂದ ತೆಗೆದ ಮಣ್ಣನ್ನು ಒಣಗಿಸಿ, ದಿನಾಂಕ ಬರೆದು, ಮೊಹರು ಮಾಡಿ ಇಟ್ಟರೆ ಮುಂದಿನ ತಲೆಮಾರಿನ ವಿಜ್ಞಾನಿಗೆ ಹೋಲಿಸಿ ನೋಡಲು ಒಂದು ಆಧಾರ ದೊರೆಯುತ್ತದೆ.

ಈಗಲೇ ಏಕೆ?

1994ರ ಮೇ ತಿಂಗಳಲ್ಲಿ ನಿರ್ಮಾಣದ ಹಂತದಲ್ಲಿದ್ದ ಕೈಗಾದ ಗುಮ್ಮಟದ ಒಳಪದರ ಕಳಚಿ ಬಿದ್ದಾಗ ಒಳಗೆ ಇಂಧನವಿರಲಿಲ್ಲ. ಆ ಪುಣ್ಯದಿಂದ ಜಿಲ್ಲೆ ಪಾರಾಯಿತು. ಅದಕ್ಕೂ ಮೊದಲೇ ಈ ಸ್ಥಾವರದ ವಿರುದ್ಧ ಜಿಲ್ಲೆಯ ಜನ ಎದ್ದಿದ್ದರು. ಕೋಟ ಶಿವರಾಮ ಕಾರಂತರು 1989ರಲ್ಲಿ ಇದೇ ಪ್ರಶ್ನೆ ಹಿಡಿದು ಲೋಕಸಭಾ ಚುನಾವಣೆಗೆ ನಿಂತರು. ಹೊನ್ನಾವರದ ಕಾಸರಕೋಡಿನ ಸ್ನೇಹಕುಂಜದಿಂದ ಡಾ. ಕುಸುಮಾ ಸೊರಬ ಊರೂರು ಸುತ್ತಿದರು. ಸ್ಥಾವರ ನಿಲ್ಲಲಿಲ್ಲ. ನಾಲ್ಕು ಘಟಕಗಳು ಒಟ್ಟು 880 ಮೆಗಾವ್ಯಾಟ್ ಸಾಮರ್ಥ್ಯದೊಂದಿಗೆ ನೆಲೆಯೂರಿದವು.

ಈಗ ಅಲ್ಲಿಯೇ 700 ಮೆಗಾವ್ಯಾಟ್‌ನ ಇನ್ನೆರಡು ಘಟಕಗಳ ಯೋಜನೆ ಮುಂದುವರಿದಿದೆ. 2017ರಲ್ಲಿ ಕೇಂದ್ರ ಸರಕಾರದ ಒಪ್ಪಿಗೆ ದೊರೆಯಿತು. 2018ರ ಡಿಸೆಂಬರಿನಲ್ಲಿ ಮಲ್ಲಾಪುರದಲ್ಲಿ ಸಾರ್ವಜನಿಕ ಅಹವಾಲು ಸಭೆ ನಡೆದು, ವಿರೋಧದ ನಡುವೆಯೂ 2019ರಲ್ಲಿ ಪರಿಸರ ಅನುಮತಿ ಬಂತು. ಇವು ಚಾಲನೆಗೆ ಬಂದರೆ ಒಟ್ಟು ಸಾಮರ್ಥ್ಯ 2,280 ಮೆಗಾವ್ಯಾಟ್ ಆಗುತ್ತದೆ. ಅಯೋಡಿನ್-131 ಅಲ್ಪಾಯುಷಿಯಾದ್ದರಿಂದ ರಿಯಾಕ್ಟರಿನೊಳಗೆ ಯಾವುದೇ ಕ್ಷಣದಲ್ಲಿ ಅದೆಷ್ಟಿರುತ್ತದೆ ಎಂಬುದು ಉತ್ಪಾದನಾ ಸಾಮರ್ಥ್ಯಕ್ಕೆ ಅನುಗುಣವಾಗಿರುತ್ತದೆ. ಆರೂ ಘಟಕ ನಡೆಯುವ ದಿನ ಕೈಗಾದ ರಿಯಾಕ್ಟರುಗಳ ಒಡಲಲ್ಲಿ ಈಗಿನ ಎರಡೂವರೆ ಪಟ್ಟಿಗೂ ಹೆಚ್ಚು ಅಯೋಡಿನ್ ತುಂಬಿರುತ್ತದೆ. ಅದು ಹೊರಬರುತ್ತದೆ ಎಂದಲ್ಲ. ಕಾಯಬೇಕಾದದ್ದು ಹೆಚ್ಚಾದಾಗ ಕಾವಲೂ ಹೆಚ್ಚಬೇಕಲ್ಲವೇ?

ಹೊಸ ಘಟಕಗಳು ಚಾಲನೆಗೊಳ್ಳುವ ಮುನ್ನ ದೊರೆಯುವ ಈ ವರ್ಷಗಳೇ ಮೂರು ತಾಲೂಕುಗಳಿಗೆ ಪೂರ್ವಸ್ಥಿತಿಯ ದಾಖಲೆ ಮಾಡಿಕೊಳ್ಳಲು ಇರುವ ಅವಕಾಶ. ಪೂರ್ವಸ್ಥಿತಿ ಗೊತ್ತಿಲ್ಲದವನು ಮುಂದೊಂದು ದಿನ ‘ಹೆಚ್ಚಾಗಿದೆ’ ಎಂದರೆ ‘ಯಾವುದಕ್ಕಿಂತ?’ ಎಂಬ ಒಂದೇ ಪ್ರಶ್ನೆ ಅವನ ಬಾಯಿ ಕಟ್ಟುತ್ತದೆ. ಐದು ವರ್ಷ ವಾರವಾರವೂ ‘ಏನೂ ಇಲ್ಲ’ ಎಂದು ಬರೆದ ಪುಸ್ತಕ ವ್ಯರ್ಥವಲ್ಲ. ಸ್ಥಾವರ ನಿಜಕ್ಕೂ ಶುದ್ಧವಾಗಿದ್ದರೆ ಆ ಪುಸ್ತಕ ಜನರ ಭಯವನ್ನು ಇಳಿಸುತ್ತದೆ. ಎಂದಾದರೂ ಒಂದು ವಾರ ‘ಇದೆ’ ಎಂದು ಬರೆಯಬೇಕಾಗಿ ಬಂದರೆ, ಆ ಒಂದು ಸಾಲಿಗೆ ಹಿಂದಿನ ಅಷ್ಟೂ ಪುಟಗಳ ಬಲವಿರುತ್ತದೆ, ಆ ಸಂಜೆಯೇ ಮಕ್ಕಳ ಲೋಟದಿಂದ ಹಾಲನ್ನು ದೂರವಿಡಲು ಸಾಧ್ಯವಾಗುತ್ತದೆ.

ಸ್ಥಾವರ ಬೇಕೋ ಬೇಡವೋ ಎಂಬ ವಾದ ಮುಂದುವರಿಯಲಿ. ಅದರಲ್ಲಿ ಸೋಲಾಗಲಿ ಗೆಲುವಾಗಲಿ, ಅಳತೆ ಮಾತ್ರ ಕಾಯಲಾರದು. ಹೊರಬಿದ್ದ ಅಯೋಡಿನ್ ಎಂಟು ದಿನಕ್ಕೆ ಅರ್ಧವಾಗುತ್ತದೆ, ಮಗುವಿನ ಕೊರಳಲ್ಲಿ ಅದು ಮಾಡಿಹೋದ ಕೆಲಸ ಅರ್ಧವಾಗುವುದಿಲ್ಲ. ಹಾಲು ಸಂಘದ ಪುಸ್ತಕದಲ್ಲಿ ಕೊಬ್ಬಿನ ಅಂಕಿಯ ಪಕ್ಕದಲ್ಲಿ ಇನ್ನೊಂದು ಅಂಕಣಕ್ಕೆ ಜಾಗವಿದೆ. ಅದನ್ನು ತುಂಬಿಸುವಂತೆ ಕೇಳುವ ಹಕ್ಕು ಕುಮಟಾ, ಹೊನ್ನಾವರ, ಭಟ್ಕಳಗಳ ಪ್ರತಿಯೊಂದು ಗ್ರಾಮಸಭೆಗೂ ಇದೆ. ಮುಂದಿನ ಗ್ರಾಮಸಭೆಯಲ್ಲಿಯೇ ಆ ಠರಾವು ಆಗಲಿ.